ಹಳೇ ಓಮ್ನಿ: ಘಾಟಿ ಹತ್ತುವಾಗ ಮಿಸ್ಸಿಂಗ್, ಕೂಲಂಟ್ ಬೇರೆ ಕಮ್ಮಿ ಆಗ್ತಿದೆ. ಹೆಡ್ ಇಳಿಸ್ಲೇಬೇಕಾ?

ಆಲ್ದೂರು_ಓಮ್ನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಡಿ 1996ರ ಮಾರುತಿ ಓಮ್ನಿ, 796 ಸಿಸಿ, ಕಾರ್ಬೊರೇಟರ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯೋ ಸ್ವಿಚ್) ಇರೋ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋ ಭಾಗ). ಮನೆಮಂದಿ ಓಡಾಟ, ತೋಟಕ್ಕೆ ಗೊಬ್ಬರ ಸಾಗಿಸೋದು ಎರಡಕ್ಕೂ ಇದೇ ಗಾಡಿ. ತೊಂದರೆ ಹೀಗಿದೆ:

ಚಿಕ್ಕಮಗಳೂರು, ಮೂಡಿಗೆರೆ ಕಡೆ ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಚಾರ್ಮಾಡಿ ಕೆಳಗಿನಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಅರ್ಧ ದಾರಿ ಆದಮೇಲೆ ಮಿಸ್ಸಿಂಗ್ (ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸೋದು) ಶುರು. ಪುಲ್ಲಿಂಗ್ ಹೋಗುತ್ತೆ, ಎರಡನೇ ಗೇರಿಗೆ ಇಳಿಸಿದ್ರೂ ಏದುಸಿರು. ಅಷ್ಟೊತ್ತಿಗೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿರುತ್ತೆ. ನಿಲ್ಲಿಸಿ ಆರಿಸಿದ್ರೆ ಮತ್ತೆ ಓಡುತ್ತೆ.

ಕೂಲಂಟ್ (ಎಂಜಿನ್ ತಣ್ಣಗಿಡೋ ನೀರು) ವಾರಕ್ಕೆ ಸುಮಾರು ಅರ್ಧ ಲೀಟರ್ ಕಮ್ಮಿ ಆಗುತ್ತೆ. ನಿಲ್ಲಿಸಿದ ಜಾಗದಲ್ಲಿ ನೆಲ ಒಣಗಿರುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಒಂದು ನಿಮಿಷ ಎರಡೇ ಸಿಲಿಂಡರ್‌ನಲ್ಲಿ ಓಡಿದ ಹಾಗೆ ನಡುಗುತ್ತೆ, ಬಿಳಿ ಹೊಗೆ ಇರುತ್ತೆ. ಆಮೇಲೆ ಸರಿ ಆಗುತ್ತೆ.

ಪ್ಲಗ್, ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯೋ ಭಾಗ) ಮೂರೂ ಹೊಸದು. ಈಗ ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ ಅಂದ್ರೆ ಹೆಡ್, ಕೆಳಗಿನ ಬ್ಲಾಕ್, ಇವೆರಡರ ನಡುವಿನ ಹಾಳೆ) ಹೋಗಿದೆ, ಹಾಫ್ ಎಂಜಿನ್ (ಪಿಸ್ಟನ್ ರಿಂಗ್, ಬೇರಿಂಗ್ ಬದಲಾಯಿಸೋ ಕೆಲಸ) ಮಾಡಿಸಿಬಿಡಿ ಅಂತಿದ್ದಾರೆ. ಯಾವ ಟೆಸ್ಟೂ ಮಾಡಿಲ್ಲ. ಒಪ್ಕೊಳ್ಳೋ ಮುಂಚೆ ಏನೇನು ನೋಡ್ಬೇಕು? ಸ್ಪ್ಯಾನರ್ ಹಿಡಿಯೋಕೆ ಬರುತ್ತೆ, ಫೀಲರ್ ಗೇಜ್, ಮಲ್ಟಿಮೀಟರ್ ಇವೆ.

ಸ್ಪ್ಯಾನರ್_ಹಾಸನ

ಸರ್, ಹೆಡ್ ಗ್ಯಾಸ್ಕೆಟ್ ಇರಬಹುದು, ನೀವು ಹೇಳಿರೋ ಲಕ್ಷಣ ಅದಕ್ಕೆ ಹೊಂದುತ್ತೆ. ಆದ್ರೆ ಟೆಸ್ಟ್ ಮಾಡದೆ ಹಾಫ್ ಎಂಜಿನ್‌ಗೆ ಒಪ್ಪಬೇಡಿ. ರಿಂಗ್, ಬೇರಿಂಗ್ ಚೆನ್ನಾಗಿರೋ ಎಂಜಿನ್ನಿಗೆ ಬರೀ ಹೆಡ್ ಕೆಲಸ ಸಾಕು. ಅದನ್ನ ತೀರ್ಮಾನ ಮಾಡೋಕೆ ಅರ್ಧ ದಿನ ಬೇಕು, ಅಷ್ಟೇ.

ಮೊದಲು ಪ್ಲಗ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆಯೇ ಮೂರೂ ಪ್ಲಗ್ ತೆಗೀರಿ. ಟೈಮಿಂಗ್ ಬೆಲ್ಟ್ ಕಡೆಯದು 1, ಅಲ್ಲಿಂದ ಹಿಂದಕ್ಕೆ 2, 3. ಅದೇ ಕ್ರಮದಲ್ಲಿ ಪೇಪರ್ ಮೇಲೆ ಜೋಡಿಸಿಡಿ. ಸರಿಯಾಗಿ ಉರಿಯೋ ಸಿಲಿಂಡರ್ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣ ಇರುತ್ತೆ. ನೀರು ಹೋಗ್ತಿರೋ ಸಿಲಿಂಡರ್‌ದು ಆವಿಯಲ್ಲಿ ತೊಳೆದ ಹಾಗೆ ಬೆಳ್ಳಗೆ, ಕಾರ್ಬನ್ನೇ ಇಲ್ಲದೆ ಇರುತ್ತೆ. ಕೆಲವು ಸಲ ಎಲೆಕ್ಟ್ರೋಡ್ ಮೇಲೆ ಹನಿಯೇ ಕಾಣುತ್ತೆ. ಮೂರರಲ್ಲಿ ಒಂದು ಮಾತ್ರ ಬೇರೆ ಥರ ಇದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು. ಮೂರೂ ಒಂದೇ ಥರ ಕಪ್ಪಗಿದ್ರೆ ಕಾರ್ಬೊರೇಟರ್ ಅಥವಾ ಇಗ್ನಿಷನ್ ಕಡೆ ತಿರುಗಿ.

ಪ್ಲಗ್ ಹೊರಗಿದ್ದಾಗಲೇ ಒಮ್ಮೆ ಸೆಲ್ಫ್ ಹೊಡೀರಿ. ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡೋ ಭಾಗ) ಹೈ ಟೆನ್ಷನ್ ವೈರನ್ನ ಡಿಸ್ಟ್ರಿಬ್ಯೂಟರ್‌ನಿಂದ ತೆಗೆದು ಬಾಡಿಗೆ ಅರ್ಥ್ ಮಾಡಿರಿ, ಇಲ್ಲಾಂದ್ರೆ ಹೊರಗೆ ಚಿಮ್ಮೋ ಪೆಟ್ರೋಲಿಗೆ ಕಿಡಿ ತಾಗುತ್ತೆ. ಪ್ಲಗ್ ತೂತಿನಿಂದ ನೀರು ಚಿಮ್ಮಿದ್ರೆ ಯಾವ ಸಿಲಿಂಡರ್ ಅಂತ ಗುರುತು ಮಾಡ್ಕೊಳ್ಳಿ. ನೀರು ತುಂಬಿರೋ ಸಿಲಿಂಡರ್‌ನಲ್ಲಿ ಪ್ಲಗ್ ಹಾಕ್ಕೊಂಡೇ ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಬೆಳಗ್ಗೆ ಎಂಜಿನ್ ತಿರುಗೋಕೆ ಒಂದು ಕ್ಷಣ ಕಚ್ಚಿ ಹಿಡಿದ ಹಾಗೆ ಅನ್ಸಿದ್ರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಟ್ಯಾಪೆಟ್ ಕ್ಲಿಯರೆನ್ಸ್, ಅಂದ್ರೆ ವಾಲ್ವ್ ತುದಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದು. ಇದನ್ನ ಎಲ್ಲರೂ ಬಿಟ್ಟುಬಿಡ್ತಾರೆ. ಎಕ್ಸಾಸ್ಟ್ ವಾಲ್ವ್ ಟೈಟ್ ಆಗಿದ್ರೆ ಕಂಪ್ರೆಷನ್ ಕಮ್ಮಿ ತೋರಿಸುತ್ತೆ, ಅದನ್ನ ನೋಡಿ ಗ್ಯಾಸ್ಕೆಟ್ ಅಂತ ಹೆಡ್ ಇಳಿಸ್ತಾರೆ. ಎಂಜಿನ್ ಪೂರ್ತಿ ತಣ್ಣಗಿರುವಾಗ 0.13ರಿಂದ 0.18 ಮಿ.ಮೀ. ಇರಬೇಕು. 0.15 ಬ್ಲೇಡ್ ಸ್ವಲ್ಪ ಹಿಡಿದು ಜಾರಿದ್ರೆ ಸರಿ.

ಈಗ ಕಂಪ್ರೆಷನ್, ಅಂದ್ರೆ ಸಿಲಿಂಡರ್‌ನಲ್ಲಿ ಗಾಳಿ ಒತ್ತಿದಾಗ ಬರೋ ಒತ್ತಡ. ಮೂರೂ ಪ್ಲಗ್ ಹೊರಗೆ, ಬ್ಯಾಟರಿ ಫುಲ್ ಚಾರ್ಜ್, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡೀಬೇಕು, ಚೋಕ್ ಒಳಗೆ. ಎಂಜಿನ್ ಒಮ್ಮೆ ಬಿಸಿ ಮಾಡಿ ನೋಡಿದ್ರೆ ಒಳ್ಳೇದು. ಗೇಜ್ ಹಾಕಿ ಐದಾರು ಸ್ಟ್ರೋಕ್ ತಿರುಗಿಸಿ. ಈ ಎಂಜಿನ್ ಒಳ್ಳೇ ಸ್ಥಿತಿಯಲ್ಲಿ ಸಮುದ್ರಮಟ್ಟದಲ್ಲಿ 170 ಪಿಎಸ್‌ಐ (ಒತ್ತಡದ ಅಳತೆ) ಆಚೀಚೆ ಕೊಡುತ್ತೆ. ನೀವು ಸುಮಾರು ಸಾವಿರ ಮೀಟರ್ ಎತ್ತರದಲ್ಲಿದ್ದೀರಿ, ಅಲ್ಲಿ ಗಾಳಿಯೇ ಹತ್ತು ಪರ್ಸೆಂಟ್ ತೆಳು, ಹಾಗಾಗಿ 150ರಿಂದ 155 ಬಂದ್ರೂ ಎಂಜಿನ್ ಸುಸ್ತಾಗಿದೆ ಅಂತ ಅಲ್ಲ. ಅಂಕಿಗಿಂತ ವ್ಯತ್ಯಾಸ ಮುಖ್ಯ: ಸಿಲಿಂಡರ್‌ಗಳ ನಡುವೆ 14 ಪಿಎಸ್‌ಐಗಿಂತ ಜಾಸ್ತಿ ಅಂತರ ಇರಬಾರದು.

ಕಮ್ಮಿ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಗಣನೀಯವಾಗಿ ಏರಿದ್ರೆ ರಿಂಗ್ ಸವೆದಿದೆ, ಆಗ ಹಾಫ್ ಎಂಜಿನ್ ಮಾತಿಗೆ ಅರ್ಥ ಇದೆ. ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಸಮವಾಗಿ ಬಿದ್ದಿದ್ರೆ ಅವೆರಡರ ನಡುವೆಯೇ ಗ್ಯಾಸ್ಕೆಟ್ ಸುಟ್ಟಿದೆ.

ವಾಲ್ವೋ ಗ್ಯಾಸ್ಕೆಟ್ಟೋ ಅಂತ ಬೇರ್ಪಡಿಸೋಕೆ ಪಂಕ್ಚರ್ ಅಂಗಡಿ ಕಂಪ್ರೆಸರ್ ಸಾಕು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಆ ಬಾಡಿಗೆ ಏರ್ ನಿಪ್ಪಲ್ ವೆಲ್ಡ್ ಮಾಡಿಸಿದ್ರೆ ಅಡಾಪ್ಟರ್ ತಯಾರು. ಆ ಸಿಲಿಂಡರನ್ನ ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬಂದಿರೋ ಜಾಗ) ತನ್ನಿ, ಟಾಪ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ, ಚಕ್ರಕ್ಕೆ ಕಲ್ಲು ಕೊಡಿ. ಗಾಳಿ ಬಿಟ್ಟ ಕೂಡ್ಲೇ ಪಿಸ್ಟನ್ ಕೆಳಗೆ ತಳ್ಳೋಕೆ ನೋಡುತ್ತೆ, ಫ್ಯಾನ್ ಬೆಲ್ಟ್ ಹತ್ರ ಕೈ ಇರಬಾರದು. 60–70 ಪಿಎಸ್‌ಐ ಸಾಕು. ಈಗ ಕಿವಿ ಕೊಡಿ. ಕಾರ್ಬೊರೇಟರ್ ಬಾಯಲ್ಲಿ ಬುಸ್ ಅಂದ್ರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್‌ನಲ್ಲಿ ಅಂದ್ರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕೋ ಕ್ಯಾಪಿನಲ್ಲಿ ಜೋರಾಗಿ ಬಂದ್ರೆ ರಿಂಗ್, ಸಣ್ಣಗೆ ಬರೋದು ಎಲ್ಲ ಎಂಜಿನ್ನಿಗೂ ಇದ್ದದ್ದೇ. ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್, ಅಥವಾ ಹೆಡ್ ಬಿರುಕು.

ಅಡಾಪ್ಟರ್ ಸಿಗದಿದ್ರೆ ಸುಲಭದ್ದು: ತಣ್ಣನೆ ಎಂಜಿನ್, ಫ್ಯಾನ್ ಬೆಲ್ಟ್ ತೆಗೆದುಬಿಡಿ ಅಂದ್ರೆ ವಾಟರ್ ಪಂಪ್ ನಿಲ್ಲುತ್ತೆ, ರೇಡಿಯೇಟರ್ ಕಂಠದವರೆಗೆ ನೀರು ತುಂಬಿ, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ನೀರು ಬಿಸಿಯಾಗೋ ಮುಂಚೆಯೇ ಒಂದೇ ಸಮ ಗುಳ್ಳೆ ಬಂದ್ರೆ ಅದು ಹೆಚ್ಚಾಗಿ ಉರಿದ ಗ್ಯಾಸೇ. ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೇ ಇರೋದ್ರಿಂದ ಸೀಟ್ ಎತ್ತಿ ಬಗ್ಗಿದಾಗ ಮುಖ ಅಲ್ಲೇ ಇರುತ್ತೆ.

ಡಿಪ್‌ಸ್ಟಿಕ್ಕೂ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿದ್ರೆ ಗಾಡಿ ಓಡಿಸೋದೇ ಬೇಡ, ಬೇರಿಂಗ್ ಹೋಗುತ್ತೆ. ಆಯಿಲ್ ಕ್ಯಾಪಿನ ಒಳಗೆ ಮಾತ್ರ ತೆಳು ಬಿಳಿ ನೊರೆ ಇದ್ರೆ ಹೆದರಬೇಡಿ. ನಿಮ್ಮ ಕಡೆ ಚಳಿ, ತೇವ, ಸಣ್ಣ ಸಣ್ಣ ಓಡಾಟ ಇದ್ದಾಗ ಅದು ಬಂದೇ ಬರುತ್ತೆ. ಬೆಳಗಿನ ಬಿಳಿ ಹೊಗೆಯೂ ಅಷ್ಟೇ, ಎಂಜಿನ್ ಬಿಸಿಯಾದ ಮೇಲೂ ಇದ್ರೆ, ಸಿಹಿ ವಾಸನೆ ಬಂದ್ರೆ ಮಾತ್ರ ಕೂಲಂಟ್.

ಮೂಡಿಗೆರೆ_ಮಳೆ

ಮೇಲಿನವರು ಹೇಳಿದ್ದು ಸರಿ, ಆದ್ರೆ ಘಾಟಿಯಲ್ಲಿ ಬಿಸಿಯಾದಾಗ ಮಾತ್ರ ಬರೋ ಮಿಸ್ಸಿಂಗ್‌ಗೆ ಕಾಯಿಲ್ಲು ಮತ್ತೆ ಪೆಟ್ರೋಲ್ ಲೈನು ಎರಡನ್ನೂ ಪಟ್ಟಿಯಿಂದ ತೆಗೆದುಹಾಕೋ ತನಕ ಗ್ಯಾಸ್ಕೆಟ್ ಅಂತ ನಾನು ಒಪ್ಪಲ್ಲ. ಎರಡು ಬೇರೆ ಬೇರೆ ರೋಗ ಒಂದೇ ಗಾಡಿಯಲ್ಲಿ ಇರಬಹುದಲ್ವಾ.

ಕಾಯಿಲ್ ಒಳಗಿನ ಇನ್ಸುಲೇಷನ್ ಹಳೇದಾದ್ರೆ ತಣ್ಣಗಿದ್ದಾಗ ಕಿಡಿ ಚೆನ್ನಾಗಿರುತ್ತೆ, ಬಿಸಿಯಾದಾಗ ಸಾಯುತ್ತೆ, ಆರಿದಾಗ ಮತ್ತೆ ಬರುತ್ತೆ. ನಿಮ್ಮ ಲಕ್ಷಣವೇ ಅದು. ಹತ್ತುವಾಗ ಮಿಸ್ಸಿಂಗ್ ಶುರುವಾದ ಕೂಡ್ಲೇ ಜಾಗ ನೋಡಿ ನಿಲ್ಲಿಸಿ, ಅಲ್ಲೇ ಕಾಯಿಲ್ ವೈರಿನ ತುದಿಯನ್ನ ಇನ್ಸುಲೇಟೆಡ್ ಪ್ಲೈಯರ್‌ನಲ್ಲಿ ಹಿಡಿದು ಬ್ಲಾಕಿಗೆ 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿ. ಪೆಟ್ರೋಲ್ ವಾಸನೆ ಇದ್ರೆ ಇದನ್ನ ಮಾಡ್ಬೇಡಿ. ನೀಲಿ ಕಿಡಿ ಚಟಚಟ ಅಂತ ಹಾರಿದ್ರೆ ಕಾಯಿಲ್ ನಿರಪರಾಧಿ. ಹಳದಿ, ಸೋತ ಕಿಡಿ ಆದ್ರೆ ಕಾಯಿಲ್ ಅಥವಾ ಕಂಡೆನ್ಸರ್. ಹೊಸ ಕಂಡೆನ್ಸರ್ ಹಾಕಿದೀನಿ ಅಂತ ನಂಬಿ ಕೂರಬೇಡಿ, ಈಗ ಅಂಗಡಿಯಲ್ಲಿ ಸಿಗೋ ಲೋಕಲ್ ಕಂಡೆನ್ಸರ್ ಹೊಸದೇ ಕೆಟ್ಟಿರುತ್ತೆ. ಪಾಯಿಂಟ್ ತೆಗೆದು ನೋಡಿ, ಮುಖ ನೀಲಿಗಟ್ಟಿ ಗುಳಿ ಬಿದ್ದಿದ್ರೆ ಕಂಡೆನ್ಸರ್ ಕೆಲಸ ಮಾಡ್ತಿಲ್ಲ. ಪಾಯಿಂಟ್ ಗ್ಯಾಪ್ 0.4ರಿಂದ 0.5, ಪ್ಲಗ್ ಗ್ಯಾಪ್ 0.7ರಿಂದ 0.8.

ಪ್ಲಗ್ ಕೇಬಲ್ ಮಲ್ಟಿಮೀಟರ್‌ನಲ್ಲಿ ನೋಡಿ: ಒಂದು ಮೀಟರ್ ಉದ್ದಕ್ಕೆ 10ರಿಂದ 22 ಕಿಲೋ ಓಂ ಲೆಕ್ಕ. ಕೇಬಲ್ ಬಗ್ಗಿಸುತ್ತಾ ಅಳೀರಿ, ಅಂಕಿ ಹಾರಾಡಿದ್ರೆ ಒಳಗೆ ತುಂಡಾಗಿದೆ. ತೋಟದ ಶೆಡ್ಡಿನಲ್ಲಿ ನಿಲ್ಲೋ ಗಾಡಿಯಾದ್ರೆ ಇಲಿ ಕಡಿದಿರೋ ಗುರುತು ಸೀಟಿನ ಕೆಳಗೆ ಹುಡುಕಿ. ಕತ್ತಲಾದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಗಿಡಕ್ಕೆ ಹೊಡೆಯೋ ಸಣ್ಣ ಸ್ಪ್ರೇಯರ್‌ನಲ್ಲಿ ಕೇಬಲ್ ಮೇಲೆ ಮಂಜಿನ ಹಾಗೆ ನೀರು ಹೊಡೀರಿ. ಎಲ್ಲಿ ಲೀಕ್ ಇದೆಯೋ ಅಲ್ಲಿ ನೀಲಿ ಎಳೆ ಓಡಾಡೋದು ಕಣ್ಣಿಗೇ ಕಾಣುತ್ತೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದ್ರೆ ಕ್ಯಾಪ್ ಬದಲಾಯಿಸಿ, ಉಜ್ಜಿ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಬೆಳಗಿನ ಮಿಸ್ಸಿಂಗ್‌ಗೆ ಹೆಚ್ಚಾಗಿ ಇದೇ ಕಾರಣ. ಮೂರು ಕೇಬಲ್ ಬಿಚ್ಚಿ ಹಾಕುವಾಗ ಫೈರಿಂಗ್ ಆರ್ಡರ್ 1-3-2 ಅನ್ನೋದು ನೆನಪಿರಲಿ.

ಪೆಟ್ರೋಲ್ ವಿಷಯಕ್ಕೆ ಬರ್ತೀನಿ. ಈಗ ಬಂಕಿನಲ್ಲಿ ಬರೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 1996ರ ಗಾಡಿಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಯಾವುದೂ ಇಷ್ಟು ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಪೈಪ್ ಒಳಗಿನಿಂದ ಮೆತ್ತಗಾಗಿ ಉದುರುತ್ತೆ, ಹೊರಗಿನಿಂದ ನೋಡಿದ್ರೆ ಗೊತ್ತಾಗಲ್ಲ. ಜೊತೆಗೆ ಎಥನಾಲ್ ತೇವ ಎಳೆಯುತ್ತೆ; ಗಾಡಿ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ್ರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತೆ, ಘಾಟಿಯಲ್ಲಿ ಗಾಡಿ ಓರೆಯಾದಾಗ ಅದೇ ಪೈಪಿಗೆ ಬರುತ್ತೆ. ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿ. ಮಿಸ್ಸಿಂಗ್ ಬಂದಾಗ ಫಿಲ್ಟರ್ ಖಾಲಿ ಇದ್ರೆ ಟ್ಯಾಂಕ್ ಕಡೆ ತೊಂದರೆ: ಪೆಟ್ರೋಲ್ ಕ್ಯಾಪ್ ಸಡಿಲ ಮಾಡಿ ನೋಡಿ, ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಗಾಡಿ ಸರಿಯಾದ್ರೆ ಕ್ಯಾಪಿನ ಗಾಳಿ ತೂತು ಕಟ್ಟಿದೆ, ಅಷ್ಟೇ ರಿಪೇರಿ. ಫಿಲ್ಟರ್‌ನಲ್ಲಿ ಪೆಟ್ರೋಲ್ ಇದ್ದೂ ಎಂಜಿನ್ ಸೊರಗಿದ್ರೆ ಪಂಪ್ ಅಥವಾ ಕಾರ್ಬೊರೇಟರ್ ನೀಡಲ್ ವಾಲ್ವ್.

ಇ20 ಲೀನ್ ಮಾಡುತ್ತೆ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ ಆಗುತ್ತೆ) ಅಂತ ಕಾರ್ಬೊರೇಟರ್‌ನ ಜೆಟ್ (ಪೆಟ್ರೋಲ್ ಬರೋ ತೂತು) ದೊಡ್ಡದು ಹಾಕಿ ಅನ್ನೋರಿದ್ದಾರೆ. ಬೇಡ. ಸಾವಿರ ಮೀಟರ್ ಎತ್ತರದಲ್ಲಿ ಕಾರ್ಬೊರೇಟರ್ ತಾನಾಗೇ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಓಡುತ್ತೆ, ಎರಡೂ ಹೆಚ್ಚುಕಮ್ಮಿ ಸರಿದೂಗುತ್ತೆ.

ಲೇತ್_ಬೇಲೂರು

ಒಂದೇ ಮಾತು ಸೇರಿಸ್ತೀನಿ. ಗ್ಯಾಸ್ಕೆಟ್ ಹೋಗಿದೆ ಅಂತಲೇ ಇಟ್ಕೊಳ್ಳಿ, ಅದು ಯಾಕೆ ಹೋಯ್ತು? ಈ ಎಂಜಿನ್ ಅತಿಯಾಗಿ ಹೀಟ್ ಆಗದೆ ಗ್ಯಾಸ್ಕೆಟ್ ಸುಡೋದು ಬಹಳ ಅಪರೂಪ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ, ಬಿಸಿಯಾದಾಗ ಎರಡೂ ಹಿಗ್ಗೋದು ಬೇರೆ ಬೇರೆ ಪ್ರಮಾಣದಲ್ಲಿ. ನಡುವೆ ಸಿಕ್ಕಿ ಸಾಯೋದು ಗ್ಯಾಸ್ಕೆಟ್. ಹೀಟ್ ಆಗೋ ಕಾರಣ ಹಾಗೇ ಬಿಟ್ಟು ಹೊಸ ಗ್ಯಾಸ್ಕೆಟ್ ಹಾಕಿದ್ರೆ ಮುಂದಿನ ಬೇಸಿಗೆಗೆ ಅದೇ ಹೆಡ್ ಮತ್ತೆ ಫೇಸಿಂಗ್‌ಗೆ (ಬಾಗಿದ ಮುಖ ಕೆತ್ತಿ ಸಮ ಮಾಡೋ ಕೆಲಸ) ಬರುತ್ತೆ, ಪ್ರತಿ ಸಲವೂ ಹೆಡ್ ತೆಳ್ಳಗಾಗುತ್ತೆ.

ಹಾಗಾಗಿ ಹೆಡ್‌ಗೆ ಕೈ ಹಾಕೋ ಮುಂಚೆ ಕೂಲಿಂಗ್ ಪೂರ್ತಿ ನೋಡಿ.

ಫ್ಯಾನ್: ಇಗ್ನಿಷನ್ ಆನ್ ಮಾಡಿ, ಥರ್ಮೋ ಸ್ವಿಚ್ಚಿನ (ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡೋ ಸ್ವಿಚ್) ಕನೆಕ್ಟರ್ ಬಿಚ್ಚಿ ಎರಡು ವೈರ್ ಸೇರಿಸಿ. ಒಂದೇ ವೈರ್ ಇದ್ರೆ ಬಾಡಿಗೆ ಮುಟ್ಟಿಸಿ. ಫ್ಯಾನ್ ಓಡಿದ್ರೆ ಮೋಟರ್, ಫ್ಯೂಸ್, ರಿಲೇ ಸರಿ ಇವೆ; ಆದ್ರೂ ಗಾಡಿ ಬಿಸಿಯಾದಾಗ ತಾನಾಗೇ ಓಡ್ತಿಲ್ಲ ಅಂದ್ರೆ ಸ್ವಿಚ್ ಹೋಗಿದೆ. ಓಡದಿದ್ರೆ ಫ್ಯೂಸಿನಿಂದ ಶುರು ಮಾಡಿ.

ರೇಡಿಯೇಟರ್: ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಕೀ ತೆಗೆದುಬಿಡಿ. ಕೋರ್ ಮೇಲೆ ಅಂಗೈ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಸರಿಸುತ್ತಾ ಬನ್ನಿ. ಬಿಸಿ ಕ್ರಮವಾಗಿ ಇಳೀತಾ ಹೋಗಬೇಕು. ನಡುವೆ ಒಂದು ತೇಪೆ ಜಾಗ ಪೂರ್ತಿ ತಣ್ಣಗಿದ್ರೆ ಅಲ್ಲಿನ ಟ್ಯೂಬ್ ಕಟ್ಟಿದೆ. ಬೋರ್‌ವೆಲ್ ನೀರು ತುಂಬಿಸ್ಕೊಂಡು ಬಂದಿರೋ ಗಾಡಿಗಳಲ್ಲಿ ಬಿಳಿ ಸುಣ್ಣ, ತುಕ್ಕು ಸೇರಿ ಗಟ್ಟಿಯಾಗಿರುತ್ತೆ. ಲೀಕ್ ನಿಲ್ಲಲಿ ಅಂತ ಅರಿಶಿನ ಪುಡಿ ಹಾಕೋದು ಬಹಳ ಕಡೆ ರೂಢಿ. ಅದು ಲೀಕಿನ ತೂತಿಗಿಂತ ಮೊದಲು ಸಣ್ಣ ಟ್ಯೂಬುಗಳನ್ನ ಮುಚ್ಚುತ್ತೆ. ದಯವಿಟ್ಟು ಹಾಕಬೇಡಿ. ಹೊರಗಿನಿಂದಲೂ ಫಿನ್ ನಡುವೆ ಕೆಸರು, ಹುಳು ತುಂಬಿರುತ್ತೆ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೀರಿ.

ರೇಡಿಯೇಟರ್ ಕ್ಯಾಪ್: ಮೇಲೆ 0.9 ಅಂತ ಬರೆದಿರುತ್ತೆ. ಅಷ್ಟು ಒತ್ತಡ ಹಿಡಿದಿದ್ದಕ್ಕೇ ನೀರು 115 ಡಿಗ್ರಿ ಮೇಲೂ ಕುದಿಯದೆ ಇರೋದು. ನಮ್ಮ ಊರುಗಳ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96–97ಕ್ಕೇ ಕುದಿಯುತ್ತೆ, ಅಂದ್ರೆ ಕ್ಯಾಪಿನ ರಬ್ಬರ್ ಬಿರಿದ್ರೆ ಕರಾವಳಿಯ ಗಾಡಿಗಿಂತ ನಿಮ್ಮ ಗಾಡಿ ಬೇಗ ಕುದಿಯುತ್ತೆ. ಅನುಮಾನ ಇದ್ರೆ ಹೊಸ ಕ್ಯಾಪ್ ಹಾಕಿಬಿಡಿ, ಬಹಳ ಕಡಿಮೆ ಬೆಲೆ.

ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್): ಕುದಿಯೋ ನೀರಿನಲ್ಲಿ ದಾರ ಕಟ್ಟಿ ಇಳಿಸಿ. 82 ಡಿಗ್ರಿಯದು ನಮ್ಮ ಎತ್ತರದ ಕುದಿ ನೀರಿನಲ್ಲೂ ಚೆನ್ನಾಗಿ ತೆರೆದುಕೊಳ್ಳಬೇಕು. ತೆಗೆದು ಬಿಸಾಕಿ ಓಡಿಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಡಿಸೆಂಬರ್ ಬೆಳಗಿನಲ್ಲಿ ಎಂಜಿನ್ ಬಿಸಿಯೇ ಏರಲ್ಲ, ಚೋಕ್ ಎಳೆದೇ ಓಡಿಸ್ಬೇಕು, ಬೋರ್ ಬೇಗ ಸವೆಯುತ್ತೆ.

ಓಮ್ನಿಯಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಸೀಟಿನ ಕೆಳಗೆ. ನಡುವಿನ ಪೈಪ್ ಉದ್ದ. ಕ್ಲಾಂಪ್ ಜಾಗದಲ್ಲಿ ಬಿಳಿ, ಹಸಿರು ಕಲೆ ಇದ್ಯಾ ನೋಡಿ. ಬಿಸಿ ಎಂಜಿನ್ ಪಕ್ಕ ಸಣ್ಣ ಲೀಕ್ ಇದ್ರೆ ನೆಲಕ್ಕೆ ಬೀಳೋ ಮುಂಚೆಯೇ ಆವಿಯಾಗುತ್ತೆ, ಹಾಗಾಗಿ ನೆಲ ಒಣಗಿದೆ ಅನ್ನೋದು ಸಾಕ್ಷಿ ಅಲ್ಲ.

ಆಲ್ದೂರು_ಓಮ್ನಿ

ಮೂರೂ ಜನಕ್ಕೆ ತುಂಬಾ ಧನ್ಯವಾದ. ಹೇಳಿದ್ದೆಲ್ಲ ಮಾಡಿ ನೋಡಿದೆ. ಫಲಿತಾಂಶ:

ಪ್ಲಗ್ 1, 3 ಕಂದು ಬಣ್ಣ. 2 ಪೂರ್ತಿ ಬೆಳ್ಳಗೆ, ಥ್ರೆಡ್‌ನಲ್ಲಿ ತೇವ. ಟ್ಯಾಪೆಟ್ ಎಲ್ಲ 0.15ಕ್ಕೆ ಸರಿ, ಎರಡನೇ ಸಿಲಿಂಡರ್‌ದೂ ಸೇರಿ. ಕಂಪ್ರೆಷನ್ 155, 110, 150. ಎರಡಕ್ಕೆ ಆಯಿಲ್ ಬಿಟ್ಟ ಮೇಲೆ 115. ಗಾಳಿ ಬಿಟ್ಟಾಗ ಕಾರ್ಬೊರೇಟರ್, ಸೈಲೆನ್ಸರ್ ಎರಡೂ ಮೌನ, ರೇಡಿಯೇಟರ್ ಬಾಯಲ್ಲಿ ಒಂದೇ ಸಮ ಗುಳ್ಳೆ. ಆಯಿಲ್ ಸ್ವಚ್ಛವಾಗಿದೆ.

ಬಿಸಿಯಾದಾಗಲೂ ಕಾಯಿಲ್ ಕಿಡಿ ನೀಲಿ, ಜೋರಾಗಿದೆ. ಪಾರದರ್ಶಕ ಫಿಲ್ಟರ್ ತುಂಬಿಯೇ ಇತ್ತು. ಪಂಪಿನ ಹತ್ರದ ಪೆಟ್ರೋಲ್ ಪೈಪ್ ಬಗ್ಗಿಸಿದಾಗ ಬಿರುಕು ಕಂಡಿತು, ಅದನ್ನ ಬದಲಾಯಿಸಿದೆ.

ಫ್ಯಾನ್: ವೈರ್ ಸೇರಿಸಿದ್ರೆ ಓಡುತ್ತೆ. ತಾನಾಗೇ ಓಡೋದು ಮುಳ್ಳು ಹೆಚ್ಚುಕಮ್ಮಿ ಎಚ್ (ಹಾಟ್) ಗುರುತು ಮುಟ್ಟಿದ ಮೇಲೆ. ರೇಡಿಯೇಟರ್ ಕೆಳಗಿನ ಮೂರನೇ ಒಂದು ಭಾಗ ತಣ್ಣಗೆ.

ಈಗ ಹೆಡ್ ಇಳಿಸಲೇಬೇಕು ಅಂತಾಯ್ತು. ಬರೀ ಹೆಡ್ ಕೆಲಸ ಸಾಕಾ? ಏನೇನು ಒಟ್ಟಿಗೆ ಮಾಡಿಸ್ಬೇಕು?

ಸ್ಪ್ಯಾನರ್_ಹಾಸನ

ಬಹಳ ಚೆನ್ನಾಗಿ ಮಾಡಿದೀರಿ ಸರ್, ಇಷ್ಟು ಅಂಕಿ ಇದ್ರೆ ಯಾವ ಗ್ಯಾರೇಜಿನಲ್ಲೂ ಮಾತಾಡಬಹುದು. ಆಯಿಲ್ ಹಾಕಿದ್ರೂ 5 ಪಿಎಸ್‌ಐ ಮಾತ್ರ ಏರಿದೆ, 1 ಮತ್ತೆ 3 ಚೆನ್ನಾಗಿವೆ, ಅಂದ್ರೆ ರಿಂಗ್ ಸರಿ ಇದೆ. ಹಾಫ್ ಎಂಜಿನ್ ಬೇಡ. ಹೆಡ್ ಗ್ಯಾಸ್ಕೆಟ್ ಎರಡನೇ ಸಿಲಿಂಡರಿನಿಂದ ನೀರಿನ ದಾರಿಗೆ ಬಾಯಿ ಬಿಟ್ಟಿದೆ, ಅಥವಾ ಅಲ್ಲೇ ಹೆಡ್ ಬಿರುಕು. ಬಿಚ್ಚಿದ ಮೇಲೆ ಗೊತ್ತಾಗುತ್ತೆ. ಘಾಟಿಯಲ್ಲಿ ಮಾತ್ರ ಮಿಸ್ಸಿಂಗ್ ಯಾಕೆ ಅಂದ್ರೆ, ಲೋಡ್ ಬಿದ್ದಾಗ ಸಿಲಿಂಡರ್ ಒತ್ತಡ ಏರಿ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತೆ, ಅಲ್ಲಿ ಗಾಳಿ ತುಂಬಿ ನೀರು ಓಡಾಟ ನಿಲ್ಲುತ್ತೆ, ಇನ್ನೂ ಹೀಟ್ ಆಗುತ್ತೆ, ಎರಡನೇ ಸಿಲಿಂಡರ್ ಸತ್ತ ಹಾಗೇ. ಆರಿಸೋಕೆ ನಿಲ್ಲಿಸಿದಾಗ ಕೂಲಿಂಗ್ ಒತ್ತಡ ನೀರನ್ನ ಅದೇ ದಾರಿಯಲ್ಲಿ ಸಿಲಿಂಡರ್‌ಗೆ ತಳ್ಳುತ್ತೆ. ಬೆಳಗಿನ ನಡುಕ ಅದರದ್ದು.

ಕೆಲಸ ಹೀಗೆ ಮಾಡಿಸಿ. ಎಂಜಿನ್ ಪೂರ್ತಿ ತಣ್ಣಗಿರಲಿ, ರಾತ್ರಿ ನಿಂತಿರಲಿ. 1ನೇ ಸಿಲಿಂಡರನ್ನ ಕಂಪ್ರೆಷನ್ ಟಿಡಿಸಿಗೆ ತಂದು ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ರೋಟರ್ ಎಲ್ಲಿ ತೋರಿಸ್ತಿದೆ, ಡಿಸ್ಟ್ರಿಬ್ಯೂಟರ್ ಬಾಡಿ ಎಲ್ಲಿ ಕೂತಿದೆ ಅಂತ ಮಾರ್ಕ್ ಹಾಕಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ವ್ಯಾಕ್ಯೂಮ್ ಪೈಪುಗಳಿಗೂ ಚೀಟಿ ಅಂಟಿಸಿ. ಹೆಡ್ ಬೋಲ್ಟ್ ಹೊರಗಿನಿಂದ ನಡುವಿನ ಕಡೆಗೆ, ಒಂದೊಂದಕ್ಕೆ ಅರ್ಧ ಸುತ್ತು ಕೊಡ್ತಾ ಎರಡು ಮೂರು ಸಲಕ್ಕೆ ಸಡಿಲ ಮಾಡಬೇಕು. ಬಿಸಿಯಲ್ಲಿ ಬಿಚ್ಚಿದ್ರೆ, ಒಂದೇ ಕಡೆಯಿಂದ ಬಿಚ್ಚಿದ್ರೆ ಹೆಡ್ ಬಾಗುತ್ತೆ.

ಬ್ಲಾಕಿನ ಮೇಲ್ಮೈಯಲ್ಲಿ ಹಳೇ ಗ್ಯಾಸ್ಕೆಟ್ ಕೆರೆಯುವಾಗ ಗ್ರೈಂಡರ್ ಡಿಸ್ಕ್ ಬಳಸೋಕೆ ಬಿಡಬೇಡಿ, ಗುಳಿ ಬೀಳುತ್ತೆ, ಆ ಪುಡಿ ಬೋರಿಗೆ ಇಳಿಯುತ್ತೆ. ಬೋರಿಗೆ ಬಟ್ಟೆ ತುರುಕಿ, ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ತೆಗೀಬೇಕು. ಬೋಲ್ಟ್ ತೂತುಗಳನ್ನ ಏರ್ ಹೊಡೆದು ಒಣಗಿಸೋದು ಮರೀಬೇಡಿ. ತಳದಲ್ಲಿ ನೀರು, ಆಯಿಲ್ ಉಳಿದಿದ್ರೆ ಬೋಲ್ಟ್ ಅದರ ಮೇಲೇ ಕೂತು ಟಾರ್ಕ್ (ಬಿಗಿಯ ಅಳತೆ) ತೋರಿಸುತ್ತೆ, ಗ್ಯಾಸ್ಕೆಟ್ ಒತ್ತೇ ಇರಲ್ಲ, ಕೆಲವು ಸಲ ಬ್ಲಾಕ್ ಸೀಳುತ್ತೆ.

ಹೊಸ ಗ್ಯಾಸ್ಕೆಟ್ ಜೆನ್ಯುಯಿನ್ನೇ ಇರಲಿ, ಟಾಪ್ ಅಂತ ಬರೆದ ಮುಖ ಮೇಲೆ, ಸಿಲಿಕೋನ್ ಏನೂ ಬಳಿಯೋದು ಬೇಡ. ಬೋಲ್ಟ್ ಥ್ರೆಡ್‌ಗೆ ಒಂದು ಹನಿ ಆಯಿಲ್. ಟೈಟ್ ಮಾಡೋದು ನಡುವಿನಿಂದ ಹೊರಗೆ ಅಡ್ಡಡ್ಡ, ಮೂರು ಹಂತದಲ್ಲಿ: 2, ಆಮೇಲೆ 4, ಕೊನೆಗೆ 5.5ರಿಂದ 6 ಕೆಜಿ-ಮೀಟರ್. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಲೇಬೇಡಿ. ಕೈ ಅಂದಾಜು ಅನ್ನೋರ ಹತ್ರ ಬೇರೆ ಕೆಲಸ ಮಾಡಿಸಿ.

ಇನ್ನೊಂದು. ಡಿಸ್ಟ್ರಿಬ್ಯೂಟರ್ ಕೂರೋ ಗೇರ್ ಕೇಸ್ ಹೆಡ್‌ನ ಹಿಂಬದಿಗೆ ಇರುತ್ತೆ. ವಾಪಸ್ ಜೋಡಿಸಿದಾಗ ಅದಕ್ಕೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ. ಎಂಜಿನ್ನಿನ ಆಯಿಲ್ ಅಲ್ಲಿಗೆ ತಲುಪೋ ತನಕ ಆ ಗೇರ್ ಒಣಗೇ ತಿರುಗುತ್ತೆ. ಇದು ತಿಳಿದಿರೋ ಮೆಕ್ಯಾನಿಕ್ ಈಗ ಕಮ್ಮಿ.

ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಈಗಲೇ ಹೊಸದು ಹಾಕಿ. ಅದೇ ಜಾಗ ಮತ್ತೆ ಬಿಚ್ಚೋ ಕೂಲಿ ಪಾರ್ಟ್ ಬೆಲೆಗಿಂತ ಜಾಸ್ತಿ. ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಮಾರ್ಕ್‌ಗಳು ಮತ್ತೆ ಕೂಡಿದ್ರೆ ಮಾತ್ರ ಕವರ್ ಹಾಕಿ.

ಲೇತ್_ಬೇಲೂರು

ಹೆಡ್ ಬಂದಾಗ ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿ, ಆಮೇಲೆ ಫೇಸಿಂಗ್. ಬಿರುಕು ಇರೋ ಹೆಡ್‌ಗೆ ಫೇಸಿಂಗ್ ದುಡ್ಡು ದಂಡ. ಸ್ಟ್ರೇಟ್ ಎಡ್ಜ್ ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಯಿಂದ ಕರ್ಣಕ್ಕೆ ಇಟ್ಟು 0.05 ಮಿ.ಮೀ. ಫೀಲರ್ ನುಗ್ಗುತ್ತಾ ನೋಡಿ. ನುಗ್ಗಿದ್ರೆ ಫೇಸಿಂಗ್ ಬೇಕು. ಬಾಗಿರೋದು ಹೋಗುವಷ್ಟು ಮಾತ್ರ ತೆಗೀರಿ ಅಂತ ಹೇಳಿ. ಹೆಚ್ಚು ತೆಗೆದ್ರೆ ಕಂಪ್ರೆಷನ್ ಏರಿ ಘಾಟಿಯಲ್ಲಿ ನಾಕಿಂಗ್ (ಎಂಜಿನ್ ಒಳಗೆ ಕಟಕಟ ಬಡಿತ) ಬರುತ್ತೆ, ಟೈಮಿಂಗ್ ಬೆಲ್ಟಿನ ಲೆಕ್ಕವೂ ಚೂರು ಬದಲಾಗುತ್ತೆ. ಬ್ಲಾಕಿನ ಮೇಲ್ಮೈಗೂ ಅದೇ ಸ್ಟ್ರೇಟ್ ಎಡ್ಜ್ ಇಟ್ಟು ನೋಡ್ಬೇಕು, ಅದನ್ನ ಯಾರೂ ನೋಡಲ್ಲ. ವಾಲ್ವ್ ಲ್ಯಾಪಿಂಗ್ (ವಾಲ್ವನ್ನ ಅದರ ಸೀಟಿಗೆ ಉಜ್ಜಿ ಕೂರಿಸೋದು) ಮಾಡಿಸಿ, ಆರೂ ವಾಲ್ವ್ ಸೀಲ್ ಹೊಸದು ಹಾಕಿಸಿ.

ಥರ್ಮೋ ಸ್ವಿಚ್ ಬದಲಾಯಿಸಿ, ತಡವಾಗಿ ಆನ್ ಆಗ್ತಿರೋದು ಅದೇ. ರೇಡಿಯೇಟರ್ ಮೂರನೇ ಒಂದು ಭಾಗ ತಣ್ಣಗಿದೆ ಅಂದ್ರೆ ಬರೀ ಆಸಿಡ್ ತೊಳೆತಕ್ಕೆ ಬಗ್ಗಲ್ಲ. ತಾಮ್ರದ ಕೋರ್ ಆದ್ರೆ ಮೇಲಿನ ಟ್ಯಾಂಕ್ ಬಿಚ್ಚಿಸಿ ರಾಡ್ ಹಾಕಿಸಿ, ಟ್ಯೂಬ್ ಒಂದೊಂದಾಗಿ ಬಿಡಿಸ್ತಾರೆ. ಅಲ್ಯೂಮಿನಿಯಂ ಆದ್ರೆ ಹೊಸದೇ ಹಾಕಿ. ನಿಮ್ಮ ಗ್ಯಾಸ್ಕೆಟ್ ಸುಡೋಕೆ ಕಾರಣ ಈ ರೇಡಿಯೇಟರ್ ಮತ್ತೆ ಸ್ವಿಚ್ಚು. ಬಜೆಟ್ ಕಮ್ಮಿ ಅಂತ ಇದನ್ನ ಮಾತ್ರ ಮುಂದೂಡಬೇಡಿ, ಬೇಕಾದ್ರೆ ಸೀಟ್ ಕವರ್, ಪೇಂಟ್ ಮುಂದೂಡಿ.

ಕೂಲಂಟ್ 30 ಭಾಗ, ಡಿಸ್ಟಿಲ್ಡ್ ವಾಟರ್ 70 ಭಾಗ. ಗಾಡಿ ಮೂತಿ ಏರುಮುಖವಾಗಿ ನಿಲ್ಲಿಸಿ, ಹೀಟರ್ ಇದ್ರೆ ಫುಲ್ ಹಾಟ್‌ನಲ್ಲಿಟ್ಟು, ಕ್ಯಾಪ್ ತೆರೆದು ನಿಧಾನಕ್ಕೆ ತುಂಬಿ. ಐಡ್ಲಿಂಗ್‌ನಲ್ಲಿ ಬಿಟ್ಟು ಹೋಸ್ ಹಿಸುಕುತ್ತಾ ಇರಿ, ಥರ್ಮೋಸ್ಟಾಟ್ ತೆರೆದಾಗ ಮಟ್ಟ ಕೆಳಗಿಳಿಯುತ್ತೆ, ಮತ್ತೆ ತುಂಬಿ. ಫ್ಯಾನ್ ಒಮ್ಮೆ ಓಡಿ ನಿಂತ ಮೇಲೆ ಕ್ಯಾಪ್ ಹಾಕಿ.

ಆಲ್ದೂರು_ಓಮ್ನಿ

ಎಲ್ಲ ಬರ್ಕೊಂಡೆ. ಆಯಿಲ್ ಸ್ವಚ್ಛವಾಗೇ ಇದೆ, ಆದ್ರೂ ಬದಲಾಯಿಸ್ಬೇಕಾ? ಕೆಲಸ ಆದಮೇಲೆ ಬೋಲ್ಟ್ ಮತ್ತೆ ಟೈಟ್ ಮಾಡ್ಬೇಕು ಅಂತಾರಲ್ಲ, ಅದು ಯಾವಾಗ?

ಸ್ಪ್ಯಾನರ್_ಹಾಸನ

ಬದಲಾಯಿಸಿ. ಹೆಡ್ ಎತ್ತುವಾಗ ಸ್ವಲ್ಪ ಕೂಲಂಟ್ ಕೆಳಗೆ ಇಳಿದೇ ಇಳಿಯುತ್ತೆ. 20ಡಬ್ಲ್ಯು-40, ಫಿಲ್ಟರ್ ಸಮೇತ, ಮೂರು ಲೀಟರ್ ಕ್ಯಾನ್ ಸಾಕು, ಡಿಪ್‌ಸ್ಟಿಕ್ ನೋಡ್ಕೊಂಡು ಹಾಕಿ. 500 ಕಿ.ಮೀ. ಆದಮೇಲೆ ಆಯಿಲ್ ಬಣ್ಣ ಇನ್ನೊಮ್ಮೆ ನೋಡಿ.

ಬೋಲ್ಟ್ ವಿಷಯ: ಗ್ಯಾಸ್ಕೆಟ್ ಪ್ಯಾಕೆಟ್ ಮೇಲೆ ಮತ್ತೆ ಟೈಟ್ ಮಾಡಿ ಅಂತ ಇದ್ರೆ ಮಾತ್ರ ಮಾಡಿ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅದೇ ಕ್ರಮದಲ್ಲಿ, ಅದೇ ಟಾರ್ಕಿನಲ್ಲಿ. ಟ್ಯಾಪೆಟ್ ಮಾತ್ರ ಸಾವಿರ ಕಿ.ಮೀ. ಒಳಗೆ ಮತ್ತೆ ನೋಡಲೇಬೇಕು, ಲ್ಯಾಪಿಂಗ್ ಆದ ವಾಲ್ವ್ ಕೂತ್ಕೊಂಡು ಕ್ಲಿಯರೆನ್ಸ್ ಕಮ್ಮಿ ಆಗಿರುತ್ತೆ. ಮೊದಲ ವಾರ ದಿನಾ ಬೆಳಗ್ಗೆ ತಣ್ಣಗಿದ್ದಾಗ ಕ್ಯಾಪ್ ತೆಗೆದು ರೇಡಿಯೇಟರ್ ಕಂಠದಲ್ಲೇ ಮಟ್ಟ ನೋಡಿ, ರಿಸರ್ವ್ ಬಾಟಲಿ ನಂಬಬೇಡಿ. ಚಾರ್ಮಾಡಿಗೆ ಇಳಿಯೋ ಮುಂಚೆ ಕೈಮರ ಕಡೆ ಏರಿನಲ್ಲಿ ಒಮ್ಮೆ ಖಾಲಿ ಗಾಡಿ ಹತ್ತಿಸಿ, ಮುಳ್ಳು ಅರ್ಧ ದಾಟದೆ ಫ್ಯಾನ್ ತಾನಾಗೇ ಓಡಿದ್ರೆ ಮನೆಯವರನ್ನ ಕೂರಿಸ್ಕೊಂಡು ಹೋಗಿ.